ಟೂಲ್ ಹಿಡಿಯುವ ಕೈ: ಹರಿಹರದಿಂದ ಆದೋನಿಯವರೆಗೆ

ಆದೋನಿ ಅಂದರೆ ಹತ್ತಿ. ಪೆದ್ದಕಡುಬೂರಿನ ಕಡೆಯ ಹೊಲಗಳಲ್ಲಿ ಬಿಡಿಸಿದ ಹತ್ತಿ ಆದೋನಿಯ ಜಿನ್ನಿಂಗ್ ಮಿಲ್ಲುಗಳಲ್ಲಿ ಬೀಜ ಬಿಟ್ಟು ಅರಳೆಯಾಗುತ್ತದೆ. ಸುಗ್ಗಿಯ ನಡುವೆ ಜಿನ್ನಿನ ಶಾಫ್ಟು ಬೇರಿಂಗ್ ಕೂರುವ ಜಾಗದಲ್ಲಿ ಸವೆದರೆ ಅದಕ್ಕೆ ವೆಲ್ಡಿಂಗ್ ತುಂಬಿಸಿ ಲೇತಿಗೆ ಏರಿಸಬೇಕು. ವೆಲ್ಡಿಂಗ್ ತುಂಬಿದ ಮೈ ಉಬ್ಬುತಗ್ಗಿನದು, ಅಲ್ಲಲ್ಲಿ ಗಡಸು. ಸುತ್ತು ಸುತ್ತಿಗೂ ಟೂಲಿಗೆ ಪೆಟ್ಟು ಬೀಳುತ್ತದೆ. ಮೊನೆ ಎಷ್ಟೇ ಚೂಪಾಗಿರಲಿ, ಅದನ್ನು ಹಿಡಿದ ಹೋಲ್ಡರ್ ಅಲುಗಿತೋ, ಮೊನೆ ಹಾರಿತು.

ಲೇತಿನ ಮಾತು ಬಂದಾಗ ಹೊಗಳಿಕೆ ಹೆಚ್ಚಾಗಿ ಮೊನೆಯ ಲೋಹಕ್ಕೆ. ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಕೆಡಿಸುವುದು ಹೆಚ್ಚಾಗಿ ಹಿಡಿತ.

ಮೊದಲು ಆ ಹಿಡಿತ ಮನುಷ್ಯನ ಕೈಯೇ ಆಗಿತ್ತು. ಮರ ಕಡೆಯುವವರಂತೆ ಲೋಹ ಕಡೆಯುವವರೂ ಟೂಲನ್ನು ಆಸರೆಪಟ್ಟಿಯ ಮೇಲಿಟ್ಟು ಒತ್ತುತ್ತಿದ್ದರು. 18ನೇ ಶತಮಾನ ಮುಗಿಯುವ ಹೊತ್ತಿಗೆ ಲಂಡನ್ನಿನ ಹೆನ್ರಿ ಮಾಡ್ಸ್‌ಲೆ ತನ್ನ ಸ್ಕ್ರೂ ಕೊರೆಯುವ ಲೇತಿನಲ್ಲಿ ಟೂಲನ್ನು ಜಾರುವ ಕಬ್ಬಿಣದ ರೆಸ್ಟಿಗೆ ಬಿಗಿದ. ಆಮೇಲೆ ಬಹುಕಾಲ ಟೂಲ್ ಎಂದರೆ ಉದ್ದನೆಯ ಉಕ್ಕಿನ ಸರಳು. ಮೊನೆ ಸವೆದರೆ ಕುಲುಮೆಗೆ ಹೋಗಬೇಕಿತ್ತು. ಅಮೆರಿಕದ ಟೇಲರ್ ಮತ್ತು ವೈಟ್ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಹೈಸ್ಪೀಡ್ ಸ್ಟೀಲ್ ತೋರಿಸಿದರು. ಮೊನೆ ಕೆಂಪಗೆ ಕಾದರೂ ಕತ್ತರಿಸುತ್ತಲೇ ಇದ್ದ ಆ ಉಕ್ಕು ದುಬಾರಿ. ಅದನ್ನು ಸಣ್ಣ ತುಂಡಾಗಿಸಿ ಅಗ್ಗದ ಉಕ್ಕಿನ ಹಿಡಿಯಲ್ಲಿ ಬಿಗಿಯುವುದು ಲಾಭ ಎಂಬ ಲೆಕ್ಕದಿಂದಲೇ ಬಿಡಿ ಹೋಲ್ಡರಿನ ಬಳಕೆ ಬೆಳೆಯಿತು. ವರ್ಕ್‌ಶಾಪುಗಳು ಇವತ್ತಿಗೂ ಹಾಕುವ ಲೆಕ್ಕ ಇದೇ.

ನಮ್ಮ ಕಡೆ ಲೇತ್ ತಯಾರಿಕೆಗೆ ಹರಿಹರ ಹೆಸರಾದದ್ದು 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್‌ನಿಂದ. ಬೆಂಗಳೂರಿನ ಎಚ್‌ಎಂಟಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ 1953ರಲ್ಲಿ ಹುಟ್ಟಿತು. ಅದೇ ವರ್ಷದ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿ ಅಡ್ಡ ಬಂದರೂ ಆ ಸೀಮೆಯ ಜನಕ್ಕೆ ಬಳ್ಳಾರಿ ಹತ್ತಿರದ ಊರೇ. 1962ರಲ್ಲಿ ಬೆಂಗಳೂರಿಗೆ ಯಂತ್ರೋಪಕರಣ ಸಂಶೋಧನೆಯ ಸಿಎಂಟಿಐ ಬಂತು, 1964ರಲ್ಲಿ ಕಾರ್ಬೈಡಿನ ವಿಡಿಯಾ ಕಂಪನಿ ಬಂತು. ವಿಡಿಯಾ ತುಣುಕನ್ನು ಹಿತ್ತಾಳೆಯಿಂದ ಶ್ಯಾಂಕಿಗೆ ಬೆಸೆದ ಟೂಲು ಹಳ್ಳಿಯ ಲೇತಿಗೂ ತಲುಪಿತು.

ಇಂಥ ಲೇತುಗಳ ಮೇಲೆ ಸಾಮಾನ್ಯವಾಗಿ ಇರುವುದು ನಾಲ್ಕು ಮುಖದ ಚೌಕ ಟೂಲ್ ಪೋಸ್ಟ್. ಗಟ್ಟಿಯೇನೋ ಹೌದು, ಆದರೆ ಎತ್ತರ ಹೊಂದಿಸುವ ಏರ್ಪಾಡು ಅದಕ್ಕಿಲ್ಲ. ಟರ್ನರ್ ಟೂಲಿನ ಅಡಿಗೆ ತಗಡಿನ ಚೂರು, ಮುರಿದ ಹ್ಯಾಕ್ಸಾ ಬ್ಲೇಡು ತುರುಕಿ ಸೆಂಟರಿಗೆ ತರುತ್ತಾನೆ. ಇದು ಬರೀ ಅಚ್ಚುಕಟ್ಟಿನ ಮಾತಲ್ಲ. 100 ಮಿ.ಮೀ. ವ್ಯಾಸದ ಶಾಫ್ಟಿನಲ್ಲಿ ಮೊನೆ 1 ಮಿ.ಮೀ. ಮೇಲಿದ್ದರೆ ಕೋನ ತಪ್ಪುವುದು ಒಂದು ಡಿಗ್ರಿ ಚಿಲ್ಲರೆ. 10 ಮಿ.ಮೀ. ಪಿನ್ನಿನಲ್ಲಿ ಅದೇ 1 ಮಿ.ಮೀ. ಎಂದರೆ ಹನ್ನೊಂದೂವರೆ ಡಿಗ್ರಿ. ಮೊನೆಯ ಕೆಳಗೆ ಬಿಟ್ಟ ಸಂದು ಅಷ್ಟೂ ಹೋಗಿ, ಟೂಲು ಕತ್ತರಿಸುವುದನ್ನು ಬಿಟ್ಟು ಉಜ್ಜಲು ಶುರುಮಾಡುತ್ತದೆ. ತಗಡು ತುರುಕುವ ಈ ಕಾಟದಿಂದಲೇ ಟರ್ನರುಗಳು ಸ್ವಂತ ಹೋಲ್ಡರಿಗೆ ಕೈಹಾಕುತ್ತಾರೆ. ಎತ್ತರ ಒಮ್ಮೆ ಸರಿಮಾಡಿಟ್ಟರೆ ಮತ್ತೆ ನೋಡಬೇಕಿಲ್ಲ.

ಕೈಯಾರೆ ಮಾಡುವ ಹೋಲ್ಡರುಗಳಲ್ಲಿ ಅತಿ ಸರಳವಾದದ್ದು ಪಾರ್ಟಿಂಗಿನದು, ಅಂದರೆ ತುಂಡನ್ನು ಕತ್ತರಿಸಿ ಬೇರ್ಪಡಿಸುವ ಟೂಲಿನದು. ಪವರ್ ಹ್ಯಾಕ್ಸಾದ ಹಳೆಯ ಹೈಸ್ಪೀಡ್ ಬ್ಲೇಡನ್ನು ತುಂಡು ಮಾಡಿ, ಹಲ್ಲು ಉಜ್ಜಿ ತೆಗೆದು, ಎರಡೂ ಪಕ್ಕ ಚೂರು ಇಳಿಜಾರು ಕೊಟ್ಟು, ಸೀಳು ಹಾಕಿದ ಎಂ.ಎಸ್. ತುಂಡಿನಲ್ಲಿ ಎರಡು ಅಲೆನ್ ಬೋಲ್ಟಿನಿಂದ ಬಿಗಿಯುತ್ತಾರೆ. ಖರ್ಚು ಹೆಚ್ಚುಕಡಿಮೆ ಬೋಲ್ಟಿನದು ಮಾತ್ರ.

ತೂತಿನ ಒಳಮೈ ಕಡೆಯುವ ಬೋರಿಂಗ್ ಬಾರಿನಲ್ಲಿ ಲೆಕ್ಕ ಕಟ್ಟುನಿಟ್ಟು. ಹೊರಗೆ ಚಾಚಿದ ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟಾಗುತ್ತದೆ, 12 ಮಿ.ಮೀ. ಬಾರಿನ ಬದಲು 16 ಮಿ.ಮೀ. ಹಾಕಿದರೆ ಬಿಗುವು ಮೂರರಷ್ಟು ಮೀರುತ್ತದೆ. ಉಕ್ಕಿನ ಬಾರು ವ್ಯಾಸದ ನಾಲ್ಕರಷ್ಟಕ್ಕಿಂತ ಹೆಚ್ಚು ಚಾಚಿದರೆ ನಡುಗಿ ಕಿರುಗುಡುವುದು ಬಹುಮಟ್ಟಿಗೆ ಖಚಿತ. ಕಂಪನಿಯ ಬಾರು ಸಿದ್ಧ ಉದ್ದದ್ದು. ಟರ್ನರ್ ಇಎನ್-8 ಸರಳಿಗೆ ಅಡ್ಡ ತೂತು ಕೊರೆದು, ಹೈಸ್ಪೀಡ್ ಬಿಟ್ ತೂರಿಸಿ, ಗ್ರಬ್ ಸ್ಕ್ರೂ ಹಾಕಿದಾಗ ಬಾರು ಕೈಯಲ್ಲಿರುವ ಬುಷ್ಷಿಗೆ ಬೇಕಾದಷ್ಟೇ ಉದ್ದ, ಹಿಡಿಸುವಷ್ಟೂ ದಪ್ಪ. ಈ ಒಂದು ಕೆಲಸದಲ್ಲಿ ಕೈಯಾರೆ ಮಾಡಿದ್ದು ಅಂಗಡಿಯದನ್ನು ಮೀರಿಸಬಲ್ಲದು. ಲಾರಿಯ ಕಮಾನು ಪಟ್ಟಿಯಿಂದ ಹೋಲ್ಡರ್ ಮಾಡುವ ಆಸೆ ಮಾತ್ರ ಬೇಡ: ವೆಲ್ಡಿಂಗ್ ತಾಗಿದ ಕಡೆ ಅದು ಬಿರುಕು ಬಿಡುವ ಉಕ್ಕು.

ಒಂದು ಮೂಲೆ ಸವೆದರೆ ತಿರುಗಿಸಿ ಬಿಗಿಯುವ ಕಾರ್ಬೈಡ್ ಬಿಲ್ಲೆ, ಅಂದರೆ ಇನ್ಸರ್ಟ್, ಬಂದ ಮೇಲೆ ಆಟ ಬದಲಾಯಿತು. ಸಿಎನ್‌ಸಿ ಲೇತುಗಳಲ್ಲಿ ಹೆಚ್ಚಾಗಿ ಓಡುವ ಸಿಎನ್‌ಎಂಜಿ ಇನ್ಸರ್ಟಿಗೆ 80 ಡಿಗ್ರಿಯ ಮೂಲೆ ಮೇಲೆರಡು, ಕೆಳಗೆರಡು. ಆ ನಾಲ್ಕೂ ಸವೆದರೆ ಸಾಮಾನ್ಯವಾಗಿ ಅದು ಗುಜರಿಗೆ. ಆದರೆ 100 ಡಿಗ್ರಿಯ ನಾಲ್ಕು ಮೂಲೆಗಳು ಹೊಸದಾಗಿಯೇ ಉಳಿದಿರುತ್ತವೆ! ಅವನ್ನು ದುಡಿಸುವ ಹೋಲ್ಡರನ್ನು ಕಂಪನಿಗಳೂ ಮಾರುತ್ತವೆ, ಜಾಣ ಟರ್ನರ್ ತಾನೇ ಮಾಡಿಕೊಳ್ಳುತ್ತಾನೆ. ಇನ್ಸರ್ಟ್ ಕೂರುವ ಗುಂಡಿಯನ್ನು ಸುಮಾರು 6 ಡಿಗ್ರಿ ಮುಂದಕ್ಕೆ ಬಾಗಿಸಬೇಕು, ತಳ ಸಮತಟ್ಟಾಗಿರಬೇಕು. ಗುಂಡಿಯ ಅಡಿ ಉಬ್ಬಿದ್ದರೆ ಕಾರ್ಬೈಡ್ ಬಾಗುವುದಿಲ್ಲ, ಒಡೆಯುತ್ತದೆ. ಮಿಲ್ಲಿಂಗ್ ಮಷೀನ್ ಇಲ್ಲದವರು ಎಂಡ್‌ಮಿಲ್ಲನ್ನು ಚಕ್ಕಿಗೆ ಹಾಕಿ, ಹೋಲ್ಡರನ್ನು ಟೂಲ್ ಪೋಸ್ಟಿಗೆ ಕಟ್ಟಿ ಗುಂಡಿ ತೋಡುತ್ತಾರೆ. ಲೇತು ತನ್ನ ಹಿಡಿಯನ್ನು ತಾನೇ ಮಾಡಿಕೊಂಡಂತಾಯಿತು. ಮೋಟರು ಸಣ್ಣದಿದ್ದರೆ ಈ ಇನ್ಸರ್ಟ್ ಭಾರ. ಅಲ್ಲಿಗೆ 7 ಡಿಗ್ರಿ ಸಂದಿರುವ ಸಿಸಿಎಂಟಿ ಹಗುರ, ಅದರ ಗುಂಡಿಯನ್ನು ಬಾಗಿಸಬೇಕಾಗಿಯೂ ಇಲ್ಲ.

ಇತ್ತ ಬೆಂಗಳೂರಿನಲ್ಲಿ ಹೋಲ್ಡರ್ ತಿರುಗುವ ಟರೆಟ್ಟಿನ ಮೇಲೆ ಕೂತಿದೆ. ಪ್ರಗತಿ ಆಟೋಮೇಷನ್ ಅಂಥ ಟರೆಟ್ಟುಗಳನ್ನು, ಏಸ್ ಡಿಸೈನರ್ಸ್ ಸಿಎನ್‌ಸಿ ಲೇತುಗಳನ್ನು ತಯಾರಿಸುತ್ತವೆ. ಅಲ್ಲಿ ಪ್ರತಿ ಹೋಲ್ಡರಿಗೂ ಐಎಸ್‌ಒ ಅಕ್ಷರಗಳ ಹೆಸರುಂಟು. ‘ಪಿಸಿಎಲ್‌ಎನ್‌ಆರ್’ ಎಂದರೆ ಇನ್ಸರ್ಟಿನ ಆಕಾರ, ಬಿಗಿತದ ಬಗೆ, ಕೋನ, ಬಲವೋ ಎಡವೋ ಎಲ್ಲ ಗೊತ್ತಾಗುತ್ತದೆ. ಯಾವ ದೇಶದಲ್ಲಿ ಕೊಂಡರೂ ಅದೇ ಹೋಲ್ಡರ್.

ಸಣ್ಣ ವರ್ಕ್‌ಶಾಪಿನ ಹೋಲ್ಡರಿಗೆ ಹೆಸರೂ ಇಲ್ಲ, ನಕ್ಷೆಯೂ ಇಲ್ಲ. ಮಾಡಿದವರು ಮಷೀನ್ ಬಿಟ್ಟ ಮೇಲೆ ಆ ಬಾರು ಯಾಕೆ ಅಷ್ಟು ದಪ್ಪ, ಆ ಗುಂಡಿ ಯಾಕೆ ಅಷ್ಟು ಓರೆ ಎಂದು ಹೇಳುವವರಿರುವುದಿಲ್ಲ. ಸ್ವಂತ ಹೋಲ್ಡರ್ ಮಾಡಿದ ಟರ್ನರುಗಳು ಅದರ ಅಳತೆ, ಉಕ್ಕು, ಕೋನಗಳನ್ನು ಒಂದು ಹಾಳೆಯಲ್ಲಿ ಗೀಚಿಟ್ಟರೆ ಸಾಕು. ಆದೋನಿ, ಬಳ್ಳಾರಿ, ಹರಿಹರಗಳ ಐಟಿಐ ಮೇಷ್ಟ್ರುಗಳು ಆ ಹಾಳೆಗಳನ್ನು ಕೇಳಿ ಪಡೆದು, ಟರ್ನರ್ ವಿದ್ಯಾರ್ಥಿಗಳಿಂದ ಅಳತೆ ಹಾಕಿಸಿ, ಕನ್ನಡದಲ್ಲೂ ತೆಲುಗಿನಲ್ಲೂ ಗೋಡೆಗೆ ಅಂಟಿಸಲಿ.