ಎಂಜಿನಿನ ಬಲ ಮತ್ತು ಇಂಧನದ ಒತ್ತಡ: ಬೆಂಗಳೂರಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಎಂಜಿನಿನ ಬಲವನ್ನು ಅದರ ನಿಯತ ಮಿತಿಗಿಂತ ಹೆಚ್ಚಿಸಬೇಕೆಂಬ ಹಂಬಲವು ಎಂಜಿನಿನಷ್ಟೇ ಹಳೆಯದು. ವೈಟ್‌ಫೀಲ್ಡಿನಿಂದ ಪೀಣ್ಯದವರೆಗೆ, ಬೆಂಗಳೂರಿನ ಹೊರವಲಯದಲ್ಲಿ ವಾಹನಗಳನ್ನು ಮಾರ್ಪಡಿಸಲು ಉತ್ಸುಕರಾದ ತರುಣರು ‘ನೈಟ್ರಸ್’ ಎಂಬ ಹೆಸರನ್ನು ಬಲ್ಲರು. ಆದರೆ ಈ ಅನಿಲವನ್ನು ಯುದ್ಧವಿಮಾನದಲ್ಲಿ ಬಳಸಿದ ಒಬ್ಬ ಪ್ರಸಿದ್ಧ ವಿಮಾನಶಿಲ್ಪಿಯು ಇದೇ ನಗರದಲ್ಲಿ ಅನೇಕ ವರ್ಷಗಳ ಕಾಲ ಕಾರ್ಯನಿರತರಾಗಿದ್ದರೆಂಬುದನ್ನು ಬಲ್ಲವರು ವಿರಳ. ಬಲದ ಮಿತಿಯು ವಾಸ್ತವವಾಗಿ ಎಲ್ಲಿ ಅಡಗಿರುತ್ತದೆಂಬುದನ್ನು ಈ ಎರಡು ಸಂಗತಿಗಳ ಬೆಳಕಿನಲ್ಲಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ನೈಟ್ರಸ್ ಆಕ್ಸೈಡನ್ನು 1772ರಲ್ಲಿ ಮೊದಲು ತಯಾರಿಸಿದವರು ಜೋಸೆಫ್ ಪ್ರೀಸ್ಟ್ಲಿ. ಇದು ಸ್ವತಃ ಇಂಧನವಲ್ಲ. ತೂಕದ ಲೆಕ್ಕದಲ್ಲಿ ವಾಯುವಿನಲ್ಲಿ ಶೇಕಡ 23ರಷ್ಟು ಆಮ್ಲಜನಕವಿದ್ದರೆ ಇದರಲ್ಲಿ ಶೇಕಡ 36ರಷ್ಟಿದೆ. ಸಿಲಿಂಡರಿನ ಉಷ್ಣದಲ್ಲಿ ಅನಿಲವು ವಿಭಜಿತವಾಗಿ ಆ ಆಮ್ಲಜನಕವು ಬಿಡುಗಡೆಯಾಗುತ್ತದೆ. ಅದರ ಪ್ರಯೋಜನ ದೊರೆಯಬೇಕಾದರೆ ಹೆಚ್ಚಿನ ಪೆಟ್ರೋಲು ಅದೇ ಕ್ಷಣದಲ್ಲಿ ಒದಗಬೇಕು. ಒಂದು ಪಾಲು ಪೆಟ್ರೋಲು ಉರಿಯಲು ಸುಮಾರು 14.7 ಪಾಲು ವಾಯು ಬೇಕು. ನೈಟ್ರಸ್ ಆದರೋ ಸುಮಾರು 9.5 ಪಾಲು ಸಾಕು. ಪೆಟ್ರೋಲು ಸಾಲದೆ ಹೋದರೆ ಮಿಶ್ರಣವು ತೆಳುವಾಗಿ, ಅಕಾಲದ ಸ್ಫೋಟ ಸಂಭವಿಸಿ, ಪಿಸ್ಟನ್ ಕರಗುವುದೂ ಉಂಟು.

ಈ ಹೆಚ್ಚಿನ ಪೆಟ್ರೋಲನ್ನು ಒದಗಿಸುವ ಒಂದು ವಿಧಾನವೆಂದರೆ, ಎಂಜಿನಿನಲ್ಲಿ ಮೊದಲೇ ಇರುವ ಇಂಜೆಕ್ಟರುಗಳ ಹಿಂದಿನ ಒತ್ತಡವನ್ನು ಏರಿಸುವುದು. ನೋಡಲು ಸುಲಭವಾದ ಈ ಉಪಾಯಕ್ಕೆ ಪ್ರಕೃತಿನಿಯಮವೇ ಅಡ್ಡಿಯಾಗಿದೆ. ರಂಧ್ರದ ಮೂಲಕ ಹರಿಯುವ ದ್ರವದ ಪ್ರಮಾಣವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಮಾತ್ರ ಏರುತ್ತದೆ. ಸಾಮಾನ್ಯ ಪೆಟ್ರೋಲು ಕಾರಿನ ಇಂಜೆಕ್ಟರು ಸುಮಾರು 3 ಬಾರ್ ಒತ್ತಡದಲ್ಲಿ ಕೆಲಸ ಮಾಡುವುದೆಂದು ಭಾವಿಸೋಣ. ಒತ್ತಡವನ್ನು 6 ಬಾರಿಗೆ ಏರಿಸಿದರೂ ಹರಿವು ಹೆಚ್ಚುವುದು ಶೇಕಡ 41ರಷ್ಟು ಮಾತ್ರ. ಹರಿವು ಇಮ್ಮಡಿಯಾಗಬೇಕಾದರೆ 12 ಬಾರ್ ಬೇಕು. ಆದರೆ ಒತ್ತಡವೇರಿದಂತೆ ಪಂಪು ನೀಡುವ ಇಂಧನದ ಪ್ರಮಾಣವು ಇಳಿಯುತ್ತದೆ. ಇಂಜೆಕ್ಟರಿನ ವಿದ್ಯುತ್ ಸುರುಳಿಯು ಆ ಒತ್ತಡಕ್ಕೆ ಎದುರಾಗಿ ಬಾಯಿ ತೆರೆಯಲು ತಡಮಾಡುತ್ತದೆ, ಕಡೆಗೆ ತೆರೆಯದೆಯೂ ಹೋಗಬಹುದು. ಹೀಗೆ, ಪೆಟ್ರೋಲನ್ನು ಹೆಚ್ಚಿಸಲು ಹೂಡಿದ ಉಪಾಯವೇ ಅದನ್ನು ತಡೆಯುತ್ತದೆ. ಈ ಕಾರಣದಿಂದಲೇ, ಅನಿಲದ ಜೊತೆಗೆ ಇಂಧನಕ್ಕೂ ಪ್ರತ್ಯೇಕ ನಳಿಕೆಯನ್ನಿಡುವ ಕ್ರಮವು ರೂಢಿಗೆ ಬಂದಿತು.

ಇಂಧನವನ್ನು ಒತ್ತಡದಿಂದ ಚಿಮ್ಮಿಸುವ ವಿದ್ಯೆ ಬೆಂಗಳೂರಿಗೆ ಹೊಸದಲ್ಲ. 1951ರಲ್ಲಿ ಸ್ಥಾಪಿತವಾಗಿ, 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರನ್ನು ತಳೆದ ಮೈಕೊ ಸಂಸ್ಥೆಯು ಹೊಸೂರು ರಸ್ತೆಯ ಆಡುಗೋಡಿಯಲ್ಲಿ ಡೀಸೆಲ್ ಪಂಪುಗಳನ್ನು ತಯಾರಿಸಿತು. ಆದರೆ ಡೀಸೆಲ್ ಪಂಪಿನ ಒತ್ತಡವು ನೂರಾರು ಬಾರ್‌ಗಳದ್ದು. ಅದರ ಪ್ರತಿಯೊಂದು ಭಾಗವೂ ಅದಕ್ಕೆಂದೇ ರೂಪಿತವಾದುದು. ಡೀಸೆಲ್ಲಿನ ಈ ಉದಾಹರಣೆಯನ್ನು ಮುಂದೊಡ್ಡಿ, ಪೆಟ್ರೋಲು ಇಂಜೆಕ್ಟರೂ ಎಷ್ಟು ಒತ್ತಡವನ್ನಾದರೂ ತಾಳಬಲ್ಲದೆಂದು ವಾದಿಸುವುದು ಸಾಧುವಲ್ಲ.

ಇನ್ನು ಇತಿಹಾಸದ ಕಡೆಗೆ ತಿರುಗೋಣ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ‘ಜಿಎಂ-1’ ಎಂಬ ಸಂಕೇತನಾಮದಿಂದ ನೈಟ್ರಸ್ ಆಕ್ಸೈಡನ್ನು ವಿಮಾನದ ಎಂಜಿನುಗಳಿಗೆ ಉಣಿಸಿದರು. ಆದರೆ ಅದನ್ನು ಬಳಸಿದ್ದು ಅತ್ಯುನ್ನತ ಎತ್ತರಗಳಲ್ಲಿ. ಅಲ್ಲಿ ವಾಯುವು ವಿರಳವಾಗಿ ಎಂಜಿನು ತನ್ನ ಸಹಜ ಬಲವನ್ನು ಕಳೆದುಕೊಂಡಿರುತ್ತದೆ. ಅನಿಲವು ಆ ನಷ್ಟವನ್ನು ತುಂಬುತ್ತಿತ್ತು. ಕೆಳಗಿನ ಎತ್ತರಗಳಿಗೆ ಮೆಥನಾಲ್ ಮತ್ತು ನೀರಿನ ಮಿಶ್ರಣವಾದ ‘ಎಂಡಬ್ಲ್ಯು-50’ ಇತ್ತು. 1945ರ ಆರಂಭದಲ್ಲಿ ಸೇವೆಗೆ ಬಂದ ‘ಟಿಎ-152 ಎಚ್’ ವಿಮಾನದಲ್ಲಿ ಈ ಎರಡು ವ್ಯವಸ್ಥೆಗಳಿಗೂ ಸ್ಥಾನವಿತ್ತು. ಅದರ ಶಿಲ್ಪಿ ಕುರ್ಟ್ ಟ್ಯಾಂಕ್.

ಇದೇ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ವೈಟ್‌ಫೀಲ್ಡಿನ ದಾರಿಯಲ್ಲಿರುವ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಅವರ ನೇತೃತ್ವದಲ್ಲಿ ರೂಪುಗೊಂಡ ‘ಎಚ್‌ಎಫ್-24 ಮಾರುತ’ವು 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಚಾಲನೆಯಲ್ಲಿ ಮೊದಲ ಬಾರಿಗೆ ಹಾರಿತು. ಜೆಟ್ ವಿಮಾನವಾದ ಇದಕ್ಕೆ ನೈಟ್ರಸ್ ಬೇಕಿರಲಿಲ್ಲ. ಆದರೂ ಹಳೆಯ ಪ್ರಶ್ನೆಯು ಹೊಸ ರೂಪದಲ್ಲಿ ಎದುರಾಯಿತು. ಮಾರುತಕ್ಕೆಂದು ಎಣಿಸಿದ್ದ ಪ್ರಬಲವಾದ ಆರ್ಫಿಯಸ್ ಎಂಜಿನು ಬ್ರಿಟನ್ನಿನಲ್ಲಿ ಪೂರ್ಣಗೊಳ್ಳಲಿಲ್ಲ. ತತ್ಪರಿಣಾಮವಾಗಿ, ಕಡಮೆ ಬಲದ ಆರ್ಫಿಯಸ್-703 ಎಂಜಿನುಗಳಿಂದಲೇ ತೃಪ್ತಿಪಡಬೇಕಾಯಿತು. ಆ ಕೊರತೆಯನ್ನು ನೀಗಿಸಲು ಮರುದಹನದ ಪ್ರಯತ್ನ ನಡೆಯಿತು. ಎಂದರೆ, ನಿಷ್ಕಾಸ ಅನಿಲದಲ್ಲಿ ಉಳಿದಿರುವ ಆಮ್ಲಜನಕಕ್ಕೆ ಮತ್ತಷ್ಟು ಇಂಧನವನ್ನು ಚಿಮ್ಮಿಸಿ ಉರಿಸುವುದು. ನೈಟ್ರಸ್ ಆಮ್ಲಜನಕವನ್ನು ತಂದು ಇಂಧನವನ್ನು ಬೇಡುತ್ತದೆ. ಮರುದಹನವು ಇದ್ದ ಆಮ್ಲಜನಕಕ್ಕೆ ಇಂಧನವನ್ನು ತರುತ್ತದೆ. ಎರಡರಲ್ಲಿಯೂ ಇರುವುದು ಅದೇ ಲೆಕ್ಕ.

1970ರ ಜನವರಿ 10ರಂದು ಮರುದಹನ ವ್ಯವಸ್ಥೆಯುಳ್ಳ ಮಾರುತದ ಮೂಲಮಾದರಿಯು ಅಪಘಾತಕ್ಕೀಡಾಗಿ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅಸುನೀಗಿದರು. ಅಪಘಾತವನ್ನು ಮರುದಹನದ ತಲೆಗೆ ಕಟ್ಟುವುದು ನಮ್ಮ ಅಭಿಪ್ರಾಯವಲ್ಲ. ಆದರೆ ಬಲದ ಕೊರತೆಯನ್ನು ತುಂಬುವ ಪ್ರತಿಯೊಂದು ಪ್ರಯೋಗವನ್ನೂ ಕಡೆಗೆ ಒಬ್ಬ ಮನುಷ್ಯನು ತನ್ನ ದೇಹದಿಂದಲೇ ಪರೀಕ್ಷಿಸಬೇಕಾಗುತ್ತದೆ. ಹಳೆಯ ವಿಮಾನ ನಿಲ್ದಾಣದ ರಸ್ತೆಗೆ ಕೂಡುವ ಸುರಂಜನ್ ದಾಸ್ ರಸ್ತೆಯಲ್ಲಿ ನಿತ್ಯ ಓಡಾಡುವವರಿಗೆ ಇದು ನೆನಪಿರಬೇಕು.

ಮಾರುತಕ್ಕೆ ‘ಬಲ ಸಾಲದು’ ಎಂಬ ತೀರ್ಪನ್ನು ಇತಿಹಾಸಕಾರರು ಪದೇ ಪದೇ ನೀಡಿದ್ದಾರೆ. ಈ ತೀರ್ಪು ಅರ್ಧಸತ್ಯ. ದೇಹವೊಂದು ವೇಗಕ್ಕೆ, ಎಂಜಿನು ಮತ್ತೊಂದು ವೇಗಕ್ಕೆ ರಚಿತವಾಗಿದ್ದುದೇ ನಿಜವಾದ ಕೊರತೆ. ಸಿಲಿಂಡರು ಬೇಡುವುದನ್ನು ಇಂಜೆಕ್ಟರು ಕೊಡಲಾರದಾಗ ಕಾರಿನ ಎಂಜಿನಿನಲ್ಲಿ ತೋರುವುದೂ ಇದೇ ವಿಷಮತೆ. ತಯಾರಕರ ನಿರ್ದಿಷ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ಹೇಳುತ್ತದೆ. ಕಾಯಿದೆಯ ಭಯವಿಲ್ಲದವರಿಗೂ ವರ್ಗಮೂಲದ ನಿಯಮದಿಂದ ವಿನಾಯಿತಿಯಿಲ್ಲ. ಯಂತ್ರವನ್ನು ಅಳೆಯುವಾಗ ಅದರ ಅತ್ಯಂತ ಪ್ರಬಲವಾದ ಅಂಗವನ್ನಲ್ಲ, ಅತ್ಯಂತ ಕಿರಿದಾದ ದಾರಿಯನ್ನು ಮೊದಲು ಅಳೆಯತಕ್ಕದ್ದು.