ಫೋರ್ಟಿನಲ್ಲಿ ಇಂಗ್ಲಿಷು ಕಲಿತವರು

ನನ್ನ ಕಚೇರಿ ಇರುವುದು ಫೋರ್ಟಿನಲ್ಲಿ. ಮಧ್ಯಾಹ್ನ ಡಬ್ಬಿಯ ಊಟ ಮುಗಿಸಿ ಹಾರ್ನಿಮನ್ ವೃತ್ತದವರೆಗೆ ಕಾಲಾಡಿಸಿ ಬರುವುದು ನನ್ನ ಬಹುಕಾಲದ ರೂಢಿ. ಅಲ್ಲಿ ಟೌನ್ ಹಾಲಿನ ಎತ್ತರದ ಮೆಟ್ಟಿಲುಗಳ ಮೇಲೆ ಪರೀಕ್ಷೆಗೆ ಓದುವ ಹುಡುಗರು ಸದಾ ಕುಳಿತಿರುತ್ತಾರೆ. ಕೆಲವರ ಕೈಯಲ್ಲಿ ಕೆಲವೇ ದಿನಗಳಲ್ಲಿ ಇಂಗ್ಲಿಷು ಕಲಿಸಿಬಿಡುವುದಾಗಿ ಭರವಸೆ ಕೊಡುವ ಪುಸ್ತಕವಿರುತ್ತದೆ. ಅವರನ್ನು ಕಂಡಾಗಲೆಲ್ಲ, ಇದೇ ಮೆಟ್ಟಿಲು ಹತ್ತಿ ಇಂಗ್ಲಿಷು ಕಲಿತ ಹಳೆಯ ಹುಡುಗರ ನೆನಪಾಗುತ್ತದೆ. ಅವರು ಕಲಿತ ಬಗೆ ಬೇರೆಯಾಗಿತ್ತು. ನಮ್ಮಂಥ ವಲಸೆ ಬಂದ ಸಂಸಾರಗಳಿಗೆ ಆ ಕಥೆ ತಿಳಿದಿರುವುದು ಒಳ್ಳೆಯದೆಂದು ಈ ಲೇಖನ.

ಟೌನ್ ಹಾಲು ಕಟ್ಟಿ ಮುಗಿದದ್ದು 1833ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು, 1832ರ ಜನವರಿ 6ರಂದು, ಬಾಲಶಾಸ್ತ್ರಿ ಜಾಂಭೇಕರರು 'ದರ್ಪಣ' ಎಂಬ ಪತ್ರಿಕೆಯನ್ನು ಹೊರಡಿಸಿದ್ದರು. ಆಗ ಅವರಿಗೆ ಇಪ್ಪತ್ತು ವಯಸ್ಸು. ಆ ಪತ್ರಿಕೆಯ ಪುಟದಲ್ಲಿ ಎರಡು ಅಂಕಣಗಳು: ಒಂದರಲ್ಲಿ ಇಂಗ್ಲಿಷು, ಪಕ್ಕದಲ್ಲೇ ಮರಾಠಿ. ದೇಶ ವಿದೇಶಗಳ ಸುದ್ದಿಯನ್ನು ಮರಾಠಿಯಲ್ಲಿ ಓದಿದವನು ಕಣ್ಣು ಪಕ್ಕಕ್ಕೆ ಹೊರಳಿಸಿದರೆ ಅದೇ ವಿಷಯ ಇಂಗ್ಲಿಷಿನಲ್ಲಿ ಇರುತ್ತಿತ್ತು. ವ್ಯಾಕರಣದ ಪುಸ್ತಕಕ್ಕಿಂತ ಇದು ಎಷ್ಟು ಸುಲಭದ ದಾರಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗವರ್ನರ್ ಆಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1827ರಲ್ಲಿ ಮುಂಬಯಿ ಬಿಟ್ಟು ಹೊರಟಾಗ ಊರಿನವರು ಅವನ ಹೆಸರಿನಲ್ಲಿ ನಿಧಿ ಕೂಡಿಸಿದರು. ಆ ಹಣದಿಂದ 1835ರಲ್ಲಿ ಇಂಗ್ಲೆಂಡಿನಿಂದ ಇಬ್ಬರು ಪ್ರೊಫೆಸರರು ಬಂದರು. ಆರ್ಲೆಬಾರ್ ಎಂಬುವರು ಗಣಿತ ಮತ್ತು ವಿಜ್ಞಾನಕ್ಕೆ, ಹಾರ್ಕ್‌ನೆಸ್ ಎಂಬುವರು ಭಾಷೆ ಮತ್ತು ಸಾಹಿತ್ಯಕ್ಕೆ. ಅವರ ಮೊದಲ ತರಗತಿಗಳು ನಡೆದದ್ದು ಇದೇ ಟೌನ್ ಹಾಲಿನಲ್ಲಿ. ಮುಂದೆ ಅದು ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಷನ್ ಎಂದು ಹೆಸರಾಯಿತು.

1847ರ ಸುಮಾರಿಗೆ ಒಂದು ದೊಡ್ಡ ವಾದ ಎದ್ದಿತು. ಶಿಕ್ಷಣ ಮಂಡಳಿಯ ಅಧ್ಯಕ್ಷರಾಗಿದ್ದ ಅರ್ಸ್ಕಿನ್ ಪೆರಿ ಎಲ್ಲವನ್ನೂ ಇಂಗ್ಲಿಷಿನಲ್ಲಿಯೇ ಕಲಿಸಬೇಕೆಂದರು. ಜಗನ್ನಾಥ ಶಂಕರಶೇಠರು ಮತ್ತು ಕರ್ನಲ್ ಜರ್ವಿಸ್ ಜನರ ಭಾಷೆಯಲ್ಲೇ ವಿದ್ಯೆ ಹರಡಬೇಕೆಂದರು. ಇಂದಿಗೂ ನಮ್ಮ ಮನೆಗಳಲ್ಲಿ ಮಗುವಿನ ಶಾಲೆಯ ಅರ್ಜಿ ತುಂಬುವಾಗ ಗಂಡ ಹೆಂಡಿರ ನಡುವೆ ನಡೆಯುವುದು ಇದೇ ವಾದವಲ್ಲವೆ? ಹಿರಿಯರು ಹೀಗೆ ವಾದಿಸುತ್ತಿದ್ದಾಗಲೇ ಹುಡುಗರು ಕೆಲಸ ಮಾಡಿ ತೋರಿಸಿದರು.

1848ರಲ್ಲಿ ಪ್ರೊಫೆಸರ್ ಪ್ಯಾಟನ್ನರ ಬೆಂಬಲದಿಂದ ಎಲ್ಫಿನ್‌ಸ್ಟನ್ನಿನ ವಿದ್ಯಾರ್ಥಿಗಳೂ ಕಿರಿಯ ಅಧ್ಯಾಪಕರೂ ಸೇರಿ 'ಸ್ಟೂಡೆಂಟ್ಸ್ ಲಿಟರರಿ ಅಂಡ್ ಸೈಂಟಿಫಿಕ್ ಸೊಸೈಟಿ' ಎಂಬ ಸಭೆಯನ್ನು ಕಟ್ಟಿದರು. ಒಬ್ಬರು ಪ್ರಬಂಧ ಓದುವುದು, ಉಳಿದವರು ಅದರ ಮೇಲೆ ಚರ್ಚಿಸುವುದು. ಇದೇ ಅದರ ಮುಖ್ಯ ಕೆಲಸ. ಇತಿಹಾಸ, ವಿಜ್ಞಾನ, ಸಮಾಜದ ಕಷ್ಟಸುಖ, ಎಲ್ಲವೂ ಅಲ್ಲಿ ಮಾತಿಗೆ ಬಂದವು. ತಾನು ಹೇಳಬೇಕಾದದ್ದು ಒಂದಿದೆ, ಎದುರಿನವನು ಒಪ್ಪುತ್ತಿಲ್ಲ ಎಂಬಾಗ ಶಬ್ದ ಹುಡುಕಲೇಬೇಕಾಗುತ್ತದೆ. ಹಾಗೆ ಹುಡುಕಿ ದೊರೆತ ಶಬ್ದವನ್ನು ಯಾರೂ ಮರೆಯುವುದಿಲ್ಲ. ಈ ಸಭೆಯಲ್ಲಿ ಬೆಳೆದವರಲ್ಲಿ ದಾದಾಭಾಯಿ ನವರೋಜಿ ಒಬ್ಬರು. ಅವರೇ ಮುಂದೆ ಎಲ್ಫಿನ್‌ಸ್ಟನ್ನಿನ ಗಣಿತದ ಪ್ರೊಫೆಸರರಾದರು, 1892ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿ ಬಂದು, ಅಲ್ಲಿಯ ಜನರ ಎದುರಿಗೇ ಅವರ ಭಾಷೆಯಲ್ಲಿ ಭಾರತದ ಬಡತನದ ಲೆಕ್ಕ ಒಪ್ಪಿಸಿದರು. ವೈದ್ಯರೂ ಪ್ರಾಚೀನ ಶಾಸನಗಳ ವಿದ್ವಾಂಸರೂ ಆದ ಡಾಕ್ಟರ್ ಭಾವೂ ದಾಜಿಯವರೂ ಇದೇ ಸಭೆಯವರು.

ಮುಖ್ಯವಾದ ಮಾತು ಇನ್ನು ಮುಂದಿದೆ. ಇಂಗ್ಲಿಷಿನಲ್ಲಿ ಚರ್ಚಿಸಿ ತಿಳಿದದ್ದನ್ನು ಅವರು ತಮ್ಮೊಳಗೇ ಇಟ್ಟುಕೊಳ್ಳಲಿಲ್ಲ. ಸಭೆಗೆ ಗುಜರಾತಿ ಮತ್ತು ಮರಾಠಿ ಶಾಖೆಗಳಾಗಿ 'ಜ್ಞಾನ ಪ್ರಸಾರಕ' ಮಂಡಳಿಗಳು ಹುಟ್ಟಿಕೊಂಡವು; ತಿಂಗಳ ಪತ್ರಿಕೆಗಳು ಹೊರಟವು. ಇಂಗ್ಲಿಷು ಬಾರದ ಅಂಗಡಿಯವನಿಗೂ ಹೊಸ ವಿಜ್ಞಾನದ ಸಂಗತಿಗಳು ಅವನ ಭಾಷೆಯಲ್ಲೇ ತಲುಪಿದವು. 1849ರಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮೇಲೆ ನಡೆದ ಚರ್ಚೆ ಬರೀ ಚರ್ಚೆಯಾಗಿ ಉಳಿಯದೆ, ಅದೇ ವರ್ಷ ಹೆಣ್ಣುಮಕ್ಕಳ ಶಾಲೆಗಳೇ ತೆರೆದವು. ಸದಸ್ಯರು ಬೆಳಗಿನ ಹೊತ್ತು ಸಂಬಳವಿಲ್ಲದೆ ಪಾಠ ಹೇಳಿ ನಂತರ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಇಲ್ಲಿ ಕನ್ನಡಿಗರಾದ ನಾವು ಒಂದು ಸಂಗತಿಯನ್ನು ಗಮನಿಸಬೇಕು. ಧಾರವಾಡ, ಬೆಳಗಾವಿಯ ಸೀಮೆ ಆಗ ಮುಂಬಯಿ ಸರಕಾರದ ಆಡಳಿತದಲ್ಲೇ ಇತ್ತು. ಆದರೆ ಆ ಸಭೆಗೆ ಗುಜರಾತಿ ಶಾಖೆಯಿತ್ತು, ಮರಾಠಿ ಶಾಖೆಯಿತ್ತು, ಕನ್ನಡದ ಶಾಖೆ ಇರಲಿಲ್ಲ. ಕನ್ನಡ ಮಕ್ಕಳು ತಮ್ಮ ನೆಲದಲ್ಲೇ ಮರಾಠಿ ಶಾಲೆಗೆ ಹೋಗಬೇಕಾದ ದಿನಗಳವು. ಆ ಕೊರತೆಯನ್ನು ತುಂಬಲು ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರಂಥವರು (1834-1881) ಹೆಣಗಬೇಕಾಯಿತು. ಶಿಕ್ಷಣ ಇಲಾಖೆಯಲ್ಲಿದ್ದುಕೊಂಡೇ ಅವರು ಕನ್ನಡ ಶಾಲೆಗಳಿಗಾಗಿ ದುಡಿದರು. ತಾವು ಕಲಿತ ಇಂಗ್ಲಿಷಿನಿಂದ ಷೇಕ್ಸ್‌ಪಿಯರನ ನಾಟಕವನ್ನು 'ನಗದವರನ್ನು ನಗಿಸುವ ಕಥೆ'ಯಾಗಿ ಕನ್ನಡಕ್ಕೆ ತಂದರು. ಮುಂದೆ 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. 'ಸಿರಿಗನ್ನಡಂ ಗೆಲ್ಗೆ' ಎಂಬ ಘೋಷವನ್ನು ನಮಗೆ ಕೊಟ್ಟವರು ಇಂಗ್ಲಿಷನ್ನು ಆಳವಾಗಿ ಓದಿದ ಅವರೇ. ಆದರೂ ಫೋರ್ಟಿನ ಗೆಳೆಯರಿಗೂ ಅವರಿಗೂ ನಡುವೆ ನಲವತ್ತೆರಡು ವರ್ಷಗಳ ಅಂತರ ಬಿದ್ದಿತ್ತು.

ಫೋರ್ಟಿನಲ್ಲಿ ಕನ್ನಡದ ಚರ್ಚೆ ಕೇಳಿಬರುವುದಕ್ಕೆ ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಅದನ್ನು ತಂದವರು ಪ್ರೊಫೆಸರರಲ್ಲ. ದಕ್ಷಿಣ ಕನ್ನಡದಿಂದ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ಹುಡುಗರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿತು. ಅದೂ, ಅದರಂಥ ಬೇರೆ ಸಂಸ್ಥೆಗಳೂ ಫೋರ್ಟಿನಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲು ಕಪ್ಪು ಬಸಿ ತೊಳೆದ ಕೈಗಳು ರಾತ್ರಿ ಸ್ಲೇಟು ಹಿಡಿದವು. ಆ ಶಾಲೆಗಳಲ್ಲಿ ಓದಿ ಬ್ಯಾಂಕು, ಕಚೇರಿ ಸೇರಿದವರು, ಸ್ವಂತ ಹೋಟೆಲು ಇಟ್ಟವರು, ವಕೀಲರಾದವರು ನಮ್ಮ ನಡುವೆ ಎಷ್ಟು ಮಂದಿ!

ನನ್ನ ತಂದೆಯವರೂ ಅಂಥ ಒಂದು ರಾತ್ರಿ ಶಾಲೆಯ ವಿದ್ಯಾರ್ಥಿ. ಕುಂದಾಪುರದ ಕಡೆಯಿಂದ ಹದಿಮೂರನೆಯ ವಯಸ್ಸಿಗೆ ಬಂದು ಕ್ಯಾಂಟೀನು ಸೇರಿದವರು. ಅವರು ಈಗಲೂ ಹೇಳುವ ಒಂದು ದಿನವಿದೆ: 1969ರ ಜುಲೈ 21, ಸೋಮವಾರ. ಅಂದು ಬೆಳಿಗ್ಗೆ ನಮ್ಮ ಗಡಿಯಾರದ ಎಂಟೂವರೆಯ ಸುಮಾರಿಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದ. ಎರಡು ದಿನ ಮೊದಲಷ್ಟೇ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾಗಿದ್ದವು. ಅವುಗಳಲ್ಲಿ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಎರಡೂ ಸೇರಿದ್ದವು. ಮಾಸ್ತರರು ಪಾಠದ ಪುಸ್ತಕ ಮುಚ್ಚಿಟ್ಟು ಪತ್ರಿಕೆ ತೆರೆದರಂತೆ. "ಮೊದಲು ಕನ್ನಡದಲ್ಲಿ ಕೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ" ಎಂಬುದು ಅವರ ನಿಯಮ.

ಒಬ್ಬ ಹುಡುಗನಿಗೆ ತನ್ನ ಪಿಗ್ಮಿ ಖಾತೆಯ ಹಣ ಇನ್ನು ಸರಕಾರದ್ದಾಗುತ್ತದೆಯೇ ಎಂಬ ಹೆದರಿಕೆ. ಬ್ಯಾಂಕಿನ ಒಡೆತನವಷ್ಟೇ ಬದಲಾಗಿದೆ, ಠೇವಣಿ ನಿನ್ನದೇ ಎಂದು ತಿಳಿಸುವಷ್ಟರಲ್ಲಿ 'ನ್ಯಾಷನಲೈಸೇಷನ್' ಎಂಬ ಉದ್ದದ ಶಬ್ದ ಎಲ್ಲರ ನಾಲಿಗೆಗೂ ಹತ್ತಿತ್ತು. ನನ್ನ ತಂದೆ ಕ್ಯಾಂಟೀನಿಗೆ ಅಕ್ಕಿ ಮೂಟೆ ಹೊರುತ್ತಿದ್ದವರು. ಚಂದ್ರನಲ್ಲಿ ಸೆಳೆತ ಆರರಲ್ಲಿ ಒಂದು ಪಾಲು ಎಂದು ಕೇಳಿ, ಅಲ್ಲಿ ಅರವತ್ತು ಕಿಲೋ ಮೂಟೆ ಹತ್ತು ಕಿಲೋದಷ್ಟೇ ಭಾರವೆನಿಸಬೇಕಲ್ಲವೇ ಎಂದು ಕೇಳಿದರಂತೆ. ಮಾಸ್ತರರು ಬಿಡಲಿಲ್ಲ, ಯಾಕೆಂದು ಇಂಗ್ಲಿಷಿನಲ್ಲಿ ಹೇಳು ಎಂದರು. ಬಹಳ ಹೊತ್ತು ತಡವರಿಸಿ ತಂದೆಯವರು "ಮೂನ್ ಪುಲ್ಸ್ ಲೆಸ್, ಸರ್" ಎಂದರು. ಅದು ಅವರು ಯಾರಿಂದಲೂ ಕಂಠಪಾಠ ಮಾಡದೆ ತಾವೇ ಕಟ್ಟಿದ ಮೊದಲ ಇಂಗ್ಲಿಷು ವಾಕ್ಯ.

ಇನ್ನು ನನ್ನ ಕಥೆ. ನಾನು ಇಂಗ್ಲಿಷಿನಲ್ಲೇ ಓದಿ ಬಿ.ಎಸ್ಸಿ. ಪಾಸು ಮಾಡಿದವನು. ಗುರುತ್ವಾಕರ್ಷಣೆಯ ನಿಯಮವನ್ನು ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪದೆ ಬರೆಯುತ್ತಿದ್ದೆ. ಕಚೇರಿ ಸೇರಿದ ಮೇಲೆ ಫೈಲಿನಲ್ಲಿ ಟಿಪ್ಪಣಿ ಬರೆಯುವ ಹತ್ತಿಪ್ಪತ್ತು ಸಿದ್ಧ ವಾಕ್ಯಗಳೂ ಬಂದವು. ಆದರೆ ಒಂದು ದಿನ ಮೇಲಧಿಕಾರಿಗಳು ಫೈಲು ಮುಚ್ಚಿ, "ಇದರಲ್ಲಿ ಏನಿದೆ, ನೀವೇ ಹೇಳಿ" ಎಂದಾಗ ನನ್ನ ಬಾಯಿ ಕಟ್ಟಿಹೋಯಿತು. ಆ ಸಂಜೆ ಮನೆಗೆ ಬಂದು ಹೇಳಿಕೊಂಡಾಗ ತಂದೆಯವರು ನಗಲಿಲ್ಲ. "ನಿನ್ನನ್ನು ಯಾರೂ ಪ್ರಶ್ನೆ ಕೇಳಲೇ ಇಲ್ಲವೇನೋ ಮಗಾ, ಅಷ್ಟು ವರ್ಷ?" ಎಂದರು. ನಿಜವಾಗಿಯೂ ಯಾರೂ ಕೇಳಿರಲಿಲ್ಲ. ಆಮೇಲೆ ನನ್ನ ಇಂಗ್ಲಿಷು ತಿದ್ದಿದ್ದು ಡಬ್ಬಿಯ ಹೊತ್ತಿನಲ್ಲಿ, ತಮಿಳು, ಬಂಗಾಳಿ ಸಹೋದ್ಯೋಗಿಗಳೊಡನೆ ದಿನದ ಸುದ್ದಿಯ ಮೇಲೆ ನಡೆದ ಜಗಳಗಳಲ್ಲಿ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿಯುವುದನ್ನು ಮನೆಮಂದಿಯೆಲ್ಲ ಟಿ.ವಿ.ಯಲ್ಲಿ ನೋಡುತ್ತಿದ್ದೆವು. ಇಂಗ್ಲಿಷು ಮಾಧ್ಯಮದಲ್ಲಿ ಓದುವ ನನ್ನ ಮಗಳು ಪಟಪಟನೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಅವಳ ಅಜ್ಜ, "ಅಷ್ಟು ಕಷ್ಟಪಟ್ಟು ಎಂಜಿನು ಉರಿಸಿ ಇಳಿಸುವುದೇಕೆ ಮಗಾ, ಕೊಡೆ ಬಿಚ್ಚಿದ ಹಾಗೆ ಪ್ಯಾರಾಚೂಟು ಬಿಚ್ಚಿದರೆ ಆಗದೇ?" ಎಂದು ಕೇಳಿದರು. ಹುಡುಗಿ ಸುಮ್ಮನಾದಳು. ಉತ್ತರ ಅವಳ ಪುಸ್ತಕದ ಸಾಲಿನಲ್ಲಿರಲಿಲ್ಲ. ಕನ್ನಡದ ಶಬ್ದಗಳೂ ಸಾಲಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಅಜ್ಜಾ, ಅಲ್ಲಿ ಗಾಳಿಯೇ ಇಲ್ಲ, ಪ್ಯಾರಾಚೂಟು ಯಾವುದನ್ನು ಹಿಡಿದುಕೊಳ್ಳಬೇಕು?" ಎಂದಳು. ಅಜ್ಜ, "ಹೌದಲ್ಲ! ಈಗ ಅದನ್ನೇ ಇಂಗ್ಲಿಷಿನಲ್ಲಿ ಹೇಳು" ಎಂದರು. ನನಗೆ ಆ ಹಳೆಯ ಮಾಸ್ತರರನ್ನೇ ಕಂಡಂತಾಯಿತು.

ಫೋರ್ಟಿನ ಆ ಕನ್ನಡ ರಾತ್ರಿ ಶಾಲೆಗಳಲ್ಲಿ ಬಹುಪಾಲು ಈಗ ಮುಚ್ಚಿವೆ. ಊರಿನಿಂದ ಹಾಗೆ ಬರುವ ಹುಡುಗರೂ ಇಲ್ಲ; ಅದಕ್ಕಾಗಿ ದುಃಖಪಡಬೇಕಾಗಿಯೂ ಇಲ್ಲ, ಊರಿನಲ್ಲೇ ಶಾಲೆಗಳಾಗಿವೆ. ಆದರೆ ಆ ಮಾಸ್ತರರ ನಿಯಮ ಮುಚ್ಚಿಹೋಗಬೇಕಾಗಿಲ್ಲ. ನಮ್ಮ ಮಕ್ಕಳಿಗೆ ಇಂಗ್ಲಿಷು ಬಾರದೆಂಬ ಚಿಂತೆ ಈಗ ಯಾರಿಗೂ ಇಲ್ಲ. ಅಜ್ಜ ಅಜ್ಜಿಯರು ಕೇಳಿದ ಪ್ರಶ್ನೆಗೆ ಅವರ ಭಾಷೆಯಲ್ಲಿ ಉತ್ತರ ಕೊಡಲು ಬಾರದೆ ಹೋದರೆ ಮಾತ್ರ, 1848ರಲ್ಲಿ ನಮಗಿಲ್ಲದ ಶಾಖೆ ಮತ್ತೊಮ್ಮೆ ನಮಗೆ ಇಲ್ಲದಂತಾಗುತ್ತದೆ.

ಆದುದರಿಂದ ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ತಿಂಗಳಿಗೊಂದು ಭಾನುವಾರ ಸಂಜೆ ಒಂದು ಗಂಟೆ ಕಾಲ ಸಂಘದ ಕೋಣೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಇತಿಹಾಸದ್ದೋ ವಿಜ್ಞಾನದ್ದೋ ದಿನದ ಸುದ್ದಿಯದೋ ಒಂದು ವಿಷಯ ಇರಲಿ. ಹಿರಿಯರು ಕನ್ನಡದಲ್ಲಿ ಪ್ರಶ್ನೆ ಕೇಳಲಿ, ಮಕ್ಕಳು ಎರಡೂ ಭಾಷೆಗಳಲ್ಲಿ ಉತ್ತರ ಕೊಡಲಿ. ಮೊದಲ ಭಾನುವಾರ ಪ್ರಶ್ನೆ ಕೇಳಲು ನನ್ನ ತಂದೆಯವರು ಆಗಲೇ ಒಪ್ಪಿದ್ದಾರೆ. ಚಹಾದ ಖರ್ಚು ನನ್ನದಿರಲಿ.