ಮಸೂರದ ಸಂಧಿಪ್ರಕರಣ

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಚಿಕ್ಕಪ್ಪನವರದೊಂದು ಲೈಕಾ ಕ್ಯಾಮೆರಾ ಇತ್ತು. ಎರಡನೆಯ ಮಹಾಯುದ್ಧಕ್ಕೆ ಹಿಂದಿನದು. ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. 1979ರಲ್ಲಿ, ನಾನು ಬಿ.ಎ. ಓದುತ್ತಿದ್ದಾಗ, ಅವರೇ ಅದನ್ನು ನನ್ನ ಕೈಗಿತ್ತರು. ಅಷ್ಟು ಹೊತ್ತಿಗೆ ಅದರ ಮಸೂರ ಬೂಷ್ಟು ಹಿಡಿದು ಮಬ್ಬಾಗಿತ್ತು. ವಿದೇಶದ ಸರಕಿಗೆ ಬಿಗಿಯಾದ ನಿರ್ಬಂಧವಿದ್ದ ಕಾಲವದು. ಹೊಸ ಮಸೂರ ನಮ್ಮಂಥವರಿಗೆ ಎಟಕುವ ವಸ್ತುವಾಗಿರಲಿಲ್ಲ. ಹಳೆಯ ಸಾಮಾನುಗಳ ರಾಶಿಯಲ್ಲಿ ರಷ್ಯದ ‘ಇಂಡಸ್ಟಾರ್-50’ ಎಂಬುದೊಂದು ಸಿಕ್ಕಿತು. ತಿರುಗಿಸಿದೆ; ಅಳತೆ ಕೊಟ್ಟು ಮಾಡಿಸಿದಂತೆ ಕ್ಯಾಮೆರಾದ ಬಾಯಿಗೆ ಕೂತಿತು. ದೂರಮಾಪಕ ಮಾತ್ರ ಕದಲಲಿಲ್ಲ. ಹಳೆಯದಲ್ಲವೆ, ಜಡ್ಡುಗಟ್ಟಿರಬೇಕು ಎಂದುಕೊಂಡೆ.

ನಮ್ಮ ಅಜ್ಜಿ ಚಿತ್ರ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆಂದು ನಂಬಿದವರು. ಮೊಮ್ಮಗನ ಕಾಟ ತಾಳಲಾರದೆ ಒಂದು ದಿನ ಒಪ್ಪಿ ಜಗಲಿಯ ಮೇಲೆ ಕೂತರು. ನಾನು ಎರಡು ಮೀಟರು ಅಳೆದು, ಮಸೂರದ ಅಂಕಿಯನ್ನು ಅದಕ್ಕೆ ತಿರುಗಿಸಿ, ಆರು ಚಿತ್ರ ತೆಗೆದೆ. ಫಿಲ್ಮು ತೊಳೆದು ಬಂದಾಗ ಒಂದರಲ್ಲೂ ಮುಖವಿಲ್ಲ. ಬಿಳಿ ಸೀರೆಯ ಒಂದು ಮೋಡವಷ್ಟೆ. ಅಜ್ಜಿ ಆ ವರ್ಷವೇ ತೀರಿಕೊಂಡರು. ಅವರ ಬೇರೆ ಚಿತ್ರ ನಮ್ಮಲ್ಲಿಲ್ಲ.

ತಪ್ಪು ಎಲ್ಲಿತ್ತೆಂಬುದು ತಿಳಿಯಲು ನನಗೆ ಹಲವು ವರ್ಷಗಳು ಹಿಡಿದವು. ಅದರ ಹಿಂದೆ ಒಂದು ಇತಿಹಾಸವೇ ಇದೆ.

ಜರ್ಮನಿಯ ವೆಟ್ಸ್‌ಲರ್ ಊರಿನ ಲೈಟ್ಸ್ ಕಂಪನಿ ಸೂಕ್ಷ್ಮದರ್ಶಕಗಳಿಗೆ ಹೆಸರಾದುದು. ಅಲ್ಲಿದ್ದ ಆಸ್ಕರ್ ಬಾರ್ನಾಕ್, ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನೇ ಬಳಸುವ ಕಿರಿಯ ಕ್ಯಾಮೆರಾವೊಂದನ್ನು ಕಲ್ಪಿಸಿದನು. 1925ರಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಹೊರಬಂತು. ಅದರ ಮಸೂರ ಕಳಚುವಂಥದಲ್ಲ. 1930ರಲ್ಲಿ 39 ಮಿಲಿಮೀಟರ್ ಅಗಲದ ತಿರುಪಿನ ಬಾಯಿ ಬಂದು ಮಸೂರಗಳನ್ನು ಬದಲಿಸುವುದು ಸಾಧ್ಯವಾಯಿತು. ಆದರೆ ಮೊದಮೊದಲು ಪ್ರತಿಯೊಂದು ಮಸೂರವನ್ನೂ ಆಯಾ ಕ್ಯಾಮೆರಾಕ್ಕೇ ಹೊಂದಿಸಿ ಕೊಡಬೇಕಾಗಿತ್ತು; ಒಂದರದು ಇನ್ನೊಂದಕ್ಕೆ ಸಲ್ಲದು. 1931ರಲ್ಲಿ ಮಸೂರ ಕೂರುವ ಅಂಚಿನಿಂದ ಫಿಲ್ಮಿಗೆ ಇರಬೇಕಾದ ದೂರವನ್ನು 28.8 ಮಿಲಿಮೀಟರ್ ಎಂದು ನಿಗದಿಗೊಳಿಸಿದರು. ಅಲ್ಲಿಂದ ಮುಂದೆ ಯಾವ ಮಸೂರವಾದರೂ ಯಾವ ಲೈಕಾಕ್ಕಾದರೂ ಒಗ್ಗಿತು. 1932ರಲ್ಲಿ ದೂರಮಾಪಕವೂ ಮಸೂರದೊಡನೆ ಜೋಡಣೆಗೊಂಡಿತು. ಅದೇ ವರ್ಷ ಪ್ರತಿಸ್ಪರ್ಧಿಯಾದ ಝೈಸ್ ಇಕಾನ್ ಕಂಪನಿ, ತಿರುಪನ್ನು ಬಿಟ್ಟು ಬಯೊನೆಟ್ ಹಿಡಿಕೆಯ ಕಾಂಟ್ಯಾಕ್ಸ್ ಕ್ಯಾಮೆರಾವನ್ನು ತಂದಿತು.

ದೂರಮಾಪಕದ ಕ್ಯಾಮೆರಾದಲ್ಲಿ ಕಣ್ಣು ಮಸೂರದ ಮೂಲಕ ನೋಡುವುದಿಲ್ಲ. ಬೇರೆ ಕಿಟಕಿಯೊಂದರಲ್ಲಿ ವಸ್ತುವಿನ ಎರಡು ಬಿಂಬಗಳು ಕಾಣುತ್ತವೆ; ಮಸೂರ ತಿರುಗಿದಂತೆ ಅವು ಸರಿದು ಒಂದಾದಾಗ ದೂರ ಹೊಂದಿತೆಂದು ಅರ್ಥ. ಮಸೂರ ತಪ್ಪಿದ್ದರೂ ಕಿಟಕಿಯ ನೋಟ ಸ್ವಚ್ಛವಾಗಿಯೇ ಇರುತ್ತದೆ. ಆದ್ದರಿಂದ ಇಲ್ಲಿ ಎಲ್ಲ ಭಾರವೂ ಆ ಕೂಡುವಿಕೆಯ ಮೇಲೆ.

ಈ ಅಳತೆ ಗಡಿಗಳನ್ನು ದಾಟಿತು. ಸೋವಿಯತ್ ದೇಶದ ಖಾರ್ಕೋವಿನಲ್ಲಿ 1934ರಿಂದ ಲೈಕಾದ ಮಾದರಿಯಲ್ಲೇ ‘ಫೆಡ್’ ಕ್ಯಾಮೆರಾ ತಯಾರಾಯಿತು. 1950ರ ಕೊರಿಯಾ ಯುದ್ಧದಲ್ಲಿ ಅಮೆರಿಕದ ಡೇವಿಡ್ ಡಗ್ಲಸ್ ಡಂಕನ್ ತನ್ನ ಜರ್ಮನ್ ಲೈಕಾಕ್ಕೆ ಜಪಾನಿನ ನಿಕ್ಕೋರ್ ಮಸೂರ ತೊಡಿಸಿ ‘ಲೈಫ್’ ಪತ್ರಿಕೆಗೆ ಚಿತ್ರ ತೆಗೆದನು. ಐದು ವರ್ಷಗಳ ಹಿಂದೆ ಸೋತಿದ್ದ ಎರಡು ದೇಶಗಳ ಕುಶಲತೆ, ಗೆದ್ದವನ ಕೈಯಲ್ಲಿ ಹೀಗೆ ಒಂದಾಗಿತ್ತು. 1954ರ ಲೈಕಾ ಎಂ3 ತಿರುಪನ್ನು ಕೈಬಿಟ್ಟು ಬಯೊನೆಟ್ ಹಿಡಿಯಿತು, ದೂರ 27.8 ಮಿಲಿಮೀಟರಿಗೆ ಇಳಿಯಿತು. ಹಳೆಯ ಮಸೂರಗಳು ಹಾಳಾಗಬಾರದಲ್ಲ! ನಡುವೆ ಒಂದು ಮಿಲಿಮೀಟರ್ ದಪ್ಪದ ಉಂಗುರ ತೊಡಿಸಿದರೆ ಅವೂ ಸಲ್ಲುವಂತಾಯಿತು.

ಕನ್ನಡದ ಮೇಷ್ಟರ ಹಳೆಯ ಚಟವೆಂದು ಕೇಳುಗರು ಮನ್ನಿಸಬೇಕು: ನನಗೆ ಇದು ಆಗಮಸಂಧಿಯಂತೆ ತೋರುತ್ತದೆ. ‘ಮನೆ’ಗೂ ‘ಅಲ್ಲಿ’ಗೂ ನಡುವೆ ಒಂದು ಯಕಾರ ಬಂದು ನಿಂತರೆ ‘ಮನೆಯಲ್ಲಿ’. ಎರಡು ಪದಗಳಲ್ಲಿ ಯಾವುದೂ ಕೆಡಲಿಲ್ಲ, ಎರಡೂ ಕೂಡಿದವು.

ನಾನು ಮಾಡಿದ್ದು ಸಂಧಿಯಲ್ಲ, ಬರಿಯ ಅಂಟಿಸುವಿಕೆ. ರಷ್ಯದವರು 1950ರ ದಶಕದಲ್ಲಿ ‘ಜೆನಿತ್’ ಎಂಬ ಬೇರೊಂದು ಬಗೆಯ ಕ್ಯಾಮೆರಾ ಮಾಡಿದರು. ಅದರೊಳಗೆ ಕನ್ನಡಿಯೊಂದಿದ್ದು, ಕಣ್ಣು ಮಸೂರದ ಮೂಲಕವೇ ನೋಡುತ್ತದೆ. ಕನ್ನಡಿಗೆ ಜಾಗ ಬೇಕಾದ್ದರಿಂದ ಫಿಲ್ಮಿನ ದೂರ 45.2 ಮಿಲಿಮೀಟರ್ ಆಯಿತು. ತಿರುಪಿನ ಅಗಲ ಮಾತ್ರ ಅದೇ 39. ಇಂಡಸ್ಟಾರ್-50 ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಕ್ಯಾಮೆರಾಗಳಿಗೂ ಮಸೂರಗಳಿದ್ದವು. ನನಗೆ ಸಿಕ್ಕಿದ್ದು ಜೆನಿತ್‌ನದು. ಹೆಸರು ಒಂದೇ, ತಿರುಪು ಒಂದೇ. ಮಸೂರ ಫಿಲ್ಮಿಗೆ 16.4 ಮಿಲಿಮೀಟರ್ ಅತಿ ಸಮೀಪದಲ್ಲಿ ಕೂತಿತ್ತು. ಕದಲದ ದೂರಮಾಪಕ ಎಚ್ಚರಿಸುತ್ತಲೇ ಇತ್ತು. ನಾನು ಅದನ್ನೇ ಜಡವೆಂದೆ.

ತಿಳಿದವರು ಊರಿನಲ್ಲಿ ಇಲ್ಲದಿರಲಿಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಆರಂಭವಾದಾಗ ಟಿ. ಎಸ್. ಸತ್ಯನ್ ಅದರ ಛಾಯಾಗ್ರಾಹಕರಾಗಿದ್ದರು. 1953ರಲ್ಲಿ ಹುಟ್ಟಿದ ಭಾರತೀಯ ಛಾಯಾಗ್ರಾಹಕರ ಒಕ್ಕೂಟಕ್ಕೆ ಇದೇ ಊರಿನ ಡಾ. ಜಿ. ಥಾಮಸ್ ಮುಂದಾಳಾಗಿದ್ದರು. ಅವರ ಪರಂಪರೆಯಲ್ಲಿ ಪಳಗಿದ ಯಾರನ್ನಾದರೂ ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಕೂತಿತಲ್ಲ, ಇನ್ನು ಕೇಳುವುದೇನು ಎಂಬ ಹುಮ್ಮಸ್ಸು ನನ್ನದು.

ಮಲ್ಲೇಶ್ವರದಲ್ಲಿರುವ ನನ್ನ ತಮ್ಮನ ಮಗಳ ಬಳಿ ಹೊಸ ಕಾಲದ ಡಿಜಿಟಲ್ ಕ್ಯಾಮೆರಾ ಇದೆ. ಕನ್ನಡಿಯಿಲ್ಲದ ಅದರಲ್ಲಿ ಅಂಚಿನಿಂದ ಒಳಗಿನ ಫಲಕಕ್ಕೆ 18 ಮಿಲಿಮೀಟರ್ ಮಾತ್ರ. ಈಚೆಗೆ ಅವಳು ನನ್ನ ಪೆಟ್ಟಿಗೆಯಿಂದ ಆ ಇಂಡಸ್ಟಾರನ್ನು ಹುಡುಕಿ ತೆಗೆದು, ನಡುವೆ 27.2 ಮಿಲಿಮೀಟರಿನ ಕೊಳವೆಯೊಂದನ್ನು ಇಟ್ಟು, “ದೊಡ್ಡಪ್ಪ, ಸ್ವಲ್ಪ ಅಲುಗಾಡದೆ ಕೂತುಕೊಳ್ಳಿ” ಎಂದಳು. ಚಿತ್ರದಲ್ಲಿ ನನ್ನ ಹುಬ್ಬಿನ ಒಂದೊಂದು ನರೆಗೂದಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು.

ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಬೈದುಕೊಂಡು ಬಂದ ಮಸೂರದಲ್ಲಿ ಯಾವ ದೋಷವೂ ಇರಲಿಲ್ಲ. ಅದಕ್ಕೆ ಬೇಕಾಗಿದ್ದುದು ತಕ್ಕಷ್ಟು ದೂರ. ಅದನ್ನು ಅಂದು ನಾನು ಕೊಟ್ಟಿದ್ದರೆ ನಮ್ಮ ಮನೆಯ ಗೋಡೆಯ ಮೇಲೆ ಅಜ್ಜಿ ಇರುತ್ತಿದ್ದರು.